ಉಭಯ ಕುಶಲೋಪರಿ ಸಾಂಪ್ರತ, ಮುಕ್ಕಾಂ ಪುಣಾ

ಪುಣೆಯ ಕನ್ನಡಿಗರ ಇತಿಹಾಸ ಬರೆಯಹೊರಟವರು ಮೊದಲು ಸಂಘಗಳ ಸ್ಮರಣ ಸಂಚಿಕೆಗಳನ್ನು ಹುಡುಕುತ್ತಾರೆ. ಅಧ್ಯಕ್ಷರ ಫೋಟೋ, ಕಟ್ಟಡ ನಿಧಿಯ ಲೆಕ್ಕ, ರಾಜ್ಯೋತ್ಸವದ ವರದಿ ಎಲ್ಲ ಅಲ್ಲಿ ಸಿಗುತ್ತವೆ. ಜನ ಇಲ್ಲಿ ಹೇಗೆ ಬದುಕಿದರು ಅನ್ನೋದು ಮಾತ್ರ ಸಿಗೋದಿಲ್ಲ. ಅದು ಇದ್ದದ್ದು ಊರಿಗೆ ಬರೆದ ಕಾಗದಗಳಲ್ಲಿ. ಓದಿ ಮುಗಿದ ಮೇಲೆ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರಲ್ಲ, ಆ ಕಾರ್ಡುಗಳು, ಇನ್‌ಲ್ಯಾಂಡುಗಳು. ಮೇಲೆ 'ಕ್ಷೇಮ', ಕೆಳಗೆ 'ಉಭಯ ಕುಶಲೋಪರಿ ಸಾಂಪ್ರತ', ಆಮೇಲೆ ತಿರುಗಾಮುರುಗಾ ನಾಲ್ಕೇ ವಿಷಯ: ನೌಕರಿ ಹೆಂಗದ, ಊರಿಗೆ ಯಾವಾಗ ಬರ್ತೀವಿ, ಯಾರ ಲಗ್ನ ಎಲ್ಲಿಗೆ ಬಂತು, ಯಾವ ಸಿನಿಮಾ ನೋಡಿದಿವಿ.

ಚಿಲ್ಲರೆ ಸುದ್ದಿಗಳು ಅನ್ನಿ. ಆದರೆ ಈ ನಾಲ್ಕನ್ನೇ ಹಿಡಕೊಂಡು ನೂರು ವರ್ಷ ಹಿಂದಕ್ಕೆ ನಡೆದರೆ ಒಂದು ಸಂಗತಿ ಎದುರಾಗುತ್ತದೆ. ಧಾರವಾಡ ಕಡೆಯವರಿಗೆ ಪುಣೆ ಮೊದಲಿಂದಲೂ 'ಹೊರನಾಡು' ಆಗಿರಲಿಲ್ಲ. ಅದು ಹೊರನಾಡು ಆದದ್ದಕ್ಕೆ ಒಂದು ತಾರೀಖಿದೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಧಾರವಾಡ, ಬೆಳಗಾವಿ, ವಿಜಾಪುರದ ಹುಡುಗ ಬಿ.ಎ. ಆಗಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಲೇಬೇಕು. ಪುಣೆಯಲ್ಲಿ ಹಳೆಯ ಡೆಕ್ಕನ್ ಕಾಲೇಜಿತ್ತು, 1885ರಲ್ಲಿ ಶುರುವಾದ ಫರ್ಗ್ಯುಸನ್ ಕಾಲೇಜಿತ್ತು. ಆಲೂರ ವೆಂಕಟರಾಯರು ಓದಿದ್ದು ಫರ್ಗ್ಯುಸನ್‌ನಲ್ಲಿ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲೇ. ಊರಲ್ಲಿ ಯಾರಾದರೂ ಕೇಳಿದರೆ 'ಪುಣಾಕ್ಕ ಕಲೀಲಿಕ್ಕೆ ಹೋಗ್ಯಾನ' ಎಂದರೆ ಮುಗಿಯಿತು. ಒಂದೇ ಮುಂಬಯಿ ಪ್ರಾಂತ, ಒಂದೇ ವಿಶ್ವವಿದ್ಯಾಲಯ, ಒಂದೇ ಹೈಕೋರ್ಟು. ಪಗಾರ, ಸೂಟಿ, ಖೋಲಿ ಎಂಬ ಮಾತುಗಳೂ ಎರಡೂ ಕಡೆ ಅವೇ. ಆ ಕಾಗದಗಳನ್ನು ಮೈಸೂರಿನವರು ಓದಿದ್ದರೆ ಅರ್ಥ ಕೇಳುತ್ತಿದ್ದರೇನೋ, ಪುಣೆಯವರು ಕೇಳುತ್ತಿರಲಿಲ್ಲ!

ತಿಲಕರ 'ಕೇಸರಿ' ಊರಿನ ಗಾಳಿಯನ್ನೇ ಬಿಸಿ ಮಾಡಿದ್ದ ಕಾಲ ಅದು. ಮರಾಠಿಗರು ತಮ್ಮ ಭಾಷೆ, ತಮ್ಮ ಚರಿತ್ರೆಯನ್ನು ಎದೆಗೆ ಅವಚಿಕೊಂಡದ್ದನ್ನು ಕಣ್ಣಾರೆ ಕಂಡ ಕನ್ನಡದ ಹುಡುಗರು ನಮಗೇಕೆ ಇದಿಲ್ಲ ಎಂದುಕೊಂಡು ಊರಿಗೆ ಮರಳಿದರು. ಆಲೂರರ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಏಕೀಕರಣದ ಕನಸಿಗೆ ಪುಣೆಯ ನೀರೂ ಬಿದ್ದಿದೆ ಅಂತ ನನಗನಿಸುತ್ತದೆ. ಆ ಕನಸು ನಿಜವಾದ ದಿನವೇ ಪುಣೆ ಪರರಾಜ್ಯವಾಯಿತು.

ಇನ್ನೊಂದು ಗುಂಪಿನ ಕಥೆಯೇ ಬೇರೆ. ಫರ್ಗ್ಯುಸನ್ ಕಾಲೇಜಿನ ರಸ್ತೆಯಲ್ಲಿ ಇವತ್ತಿಗೂ ಜನ ಸಾಲುಗಟ್ಟುವ ವೈಶಾಲಿ, ರೂಪಾಲಿ ಹೋಟೆಲುಗಳನ್ನು ಕಟ್ಟಿದವರು ದಕ್ಷಿಣ ಕನ್ನಡದ ಕಡೆಯಿಂದ ಹುಡುಗನಾಗಿ ಬಂದ ಜಗನ್ನಾಥ ಶೆಟ್ಟರು. 2023ರಲ್ಲಿ ತೀರಿಕೊಂಡರು. ಆ ಹೋಟೆಲುಗಳಿಗೆ ಮೊದಲು ಇದ್ದ ಹೆಸರು ಮದ್ರಾಸ್ ಹೆಲ್ತ್ ಹೋಮ್, ಕೆಫೆ ಮದ್ರಾಸ್. ತುಳುನಾಡಿನವರಿಗೆ ಮದ್ರಾಸಿನ ಹೆಸರು ಯಾಕೆ ಅಂತ ನಗಬೇಡಿ. ಆಗ ದಕ್ಷಿಣ ಕನ್ನಡ ಇದ್ದದ್ದೇ ಮದ್ರಾಸ್ ಪ್ರಾಂತದಲ್ಲಿ. ಪುಣೆಯವರು ಅವರನ್ನು 'ಮದ್ರಾಸಿ' ಅಂದರೆ ಕಾಗದಪತ್ರದ ಪ್ರಕಾರ ಸರಿಯೇ. ಧಾರವಾಡದವನು ಬಂದದ್ದು ಓದಲಿಕ್ಕೆ, ಕಾರಕೂನಿಕೆಗೆ. ಉಡುಪಿ, ಕಾರ್ಕಳದ ಹುಡುಗ ಬಂದದ್ದು ಲೋಟ ತೊಳೆಯಲಿಕ್ಕೆ. ಇಬ್ಬರೂ ಒಂದೇ ರಸ್ತೆಯಲ್ಲಿ ಓಡಾಡಿದರೂ ಒಂದೇ ನಾಡಿನವರು ಅಂತ ಯಾವ ಸರ್ಕಾರವೂ ಅವರಿಗೆ ಹೇಳಿರಲಿಲ್ಲ.

ಹೇಳಿದ್ದು 1956ರ ನವೆಂಬರ್ 1. ಧಾರವಾಡ, ವಿಜಾಪುರ, ಉತ್ತರ ಕನ್ನಡ, ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ ಮುಂಬಯಿಯಿಂದ, ಕಾಸರಗೋಡು ಬಿಟ್ಟು ದಕ್ಷಿಣ ಕನ್ನಡ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಊರಲ್ಲಿ ಸಂಭ್ರಮ. ಪುಣೆಯಲ್ಲಿದ್ದ ಕನ್ನಡಿಗ ನಿನ್ನೆಯ ಖೋಲಿಯಲ್ಲೇ, ನಿನ್ನೆಯ ಭಾಡಿಗೆಗೇ ಇದ್ದ; ಅವನು ಮಾತ್ರ ರಾತ್ರೋರಾತ್ರಿ ಹೊರನಾಡ ಕನ್ನಡಿಗನಾಗಿದ್ದ. ಸರ್ಕಾರಿ ನೌಕರರನ್ನು ರಾಜ್ಯಗಳ ನಡುವೆ ಹಂಚಿಕೊಂಡರು. ಇಲ್ಲೇ ಉಳಿಯೋದೋ, ಬೆಂಗಳೂರು ಕಾಣದ ನಾವು ಅಲ್ಲಿಗೆ ಹೋಗೋದೋ ಎಂಬುದು ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತಾಯಿತು.

ನೌಕರಿಯ ವಿಷಯಕ್ಕೆ ಬಂದರೆ ಪುಣೆ ಕೈಬಿಟ್ಟದ್ದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ತೆಗೆಯಿತು. ಮಿಲಿಟರಿ ಲೆಕ್ಕಪತ್ರದ ಕಚೇರಿಗಳಿದ್ದವು, ಆಮೇಲೆ ಪಿಂಪ್ರಿ ಕಡೆ ಒಂದಾದ ಮೇಲೊಂದು ಕಾರ್ಖಾನೆ ಎದ್ದವು. ಇವೆಲ್ಲದರ ನಡುವೆ ಬಹಳ ಪ್ರಸಿದ್ಧವಾದ ಒಂದು ಕಾರ್ಡಿದೆ, ಆದರೆ ಅದು ಊರಿಗೆ ಬರೆದದ್ದಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಶಿಗ್ಗಾವಿಯ ಸುಧಾ ಕುಲಕರ್ಣಿ, ಹೆಣ್ಣುಮಕ್ಕಳು ಅರ್ಜಿ ಹಾಕಬೇಡಿ ಎಂದ ಟೆಲ್ಕೊ ಜಾಹೀರಾತು ನೋಡಿ ಸಿಟ್ಟಿಗೆದ್ದು ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದರು. ಉತ್ತರವಾಗಿ ಪುಣೆಗೆ ಸಂದರ್ಶನಕ್ಕೆ ಬರಲು ತಂತಿ ಬಂತು. ಹಾಸ್ಟೆಲಿನ ಗೆಳತಿಯರು ಪುಣೆಯ ಸೀರೆ ತಾ ಅಂತ ತಲಾ ಮೂವತ್ತು ರೂಪಾಯಿ ಕೊಟ್ಟರು ಎಂದು ಅವರೇ ಬರೆದುಕೊಂಡಿದ್ದಾರೆ. ನನಗೆ ಆ ಕಥೆಯಲ್ಲಿ ಟಾಟಾ ಅವರಿಗಿಂತ ಈ ಮೂವತ್ತು ರೂಪಾಯಿಯೇ ಇಷ್ಟ. ಅವರು ನಾರಾಯಣಮೂರ್ತಿಯವರನ್ನು ಕಂಡದ್ದೂ ಪುಣೆಯಲ್ಲೇ. ಮದುವೆ 1978ರಲ್ಲಿ ಬೆಂಗಳೂರಿನಲ್ಲಿ. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದು ಪುಣೆಯಲ್ಲಿ. 1983ರಲ್ಲಿ ಅದು ಬೆಂಗಳೂರಿಗೆ ಹೋಯಿತು.

ಊರಿಗೆ ಹೋಗುವ ದಾರಿಯ ಕಥೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸದರ್ನ್ ಮರಾಠಾ ರೈಲ್ವೆಯವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಮೇಲೆ ಮೀಟರ್ ಗೇಜ್ ಹಳಿ ಹಾಕಿದರು. ಪುಣೆ-ಬೆಂಗಳೂರು ಮೇಲ್ ಹತ್ತಿ ಕೂತರೆ ಇಳಿಯೋದು ಹುಬ್ಬಳ್ಳಿಯಲ್ಲಿ. 1971ರಲ್ಲಿ ಪುಣೆ-ಮಿರಜ ಹಳಿ ಬ್ರಾಡ್ ಗೇಜ್ ಆಯಿತು, ಸುಧಾರಣೆ ಅಂತ ಎಲ್ಲರೂ ಖುಷಿಪಟ್ಟರು. ಆದರೆ ಮಿರಜದಿಂದ ಆಚೆ ಕನ್ನಡ ನಾಡಿನ ಹಳಿ ಮೀಟರ್ ಗೇಜ್ ಆಗಿಯೇ ಉಳಿಯಿತು. ಎಂದರೆ ಎಂಬತ್ತು ವರ್ಷ ನೇರ ಹೋಗುತ್ತಿದ್ದವರು ಈಗ ಮಿರಜದಲ್ಲಿ ಗಾಡಿ ಬದಲಿಸಬೇಕು! ಮಿರಜ ಎನ್ನುವ ಹೆಸರು ಕೇಳಿದರೆ ಒಂದು ತಲೆಮಾರಿಗೆ ಈಗಲೂ ನೆನಪಾಗುವುದು ತಂಬೂರಿ ಅಲ್ಲ. ಅಪರಾತ್ರಿಯಲ್ಲಿ ಟ್ರಂಕು, ಹೋಲ್ಡಾಲು, ನಿದ್ದೆಗಣ್ಣಿನ ಮಕ್ಕಳು, ಬುತ್ತಿಯ ಗಂಟು ಹೊತ್ತು ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಓಡಿದ್ದು. ಒಬ್ಬರು ಮುಂದೆ ಓಡಿ ಟವೆಲ್ ಹಾಸಿ ಜಾಗ ಹಿಡಿಯಬೇಕು, ಒಬ್ಬರು ಮಕ್ಕಳನ್ನು ಎಣಿಸಬೇಕು. ಸಂಯುಕ್ತ ಕರ್ನಾಟಕ ಕೈಗೆ ಸಿಕ್ಕಿತು ಅಂದರೆ ಊರು ಹತ್ತಿರಾಯ್ತು ಅಂತ ಲೆಕ್ಕ. 1990ರ ದಶಕದಲ್ಲಿ ಆಚೆಯ ಹಳಿಯೂ ಅಗಲವಾದ ಮೇಲೆ ಈ ಓಟ ನಿಂತಿತು. 2024ರ ಸೆಪ್ಟೆಂಬರಿನಲ್ಲಿ ಪುಣೆ-ಹುಬ್ಬಳ್ಳಿ ನಡುವೆ ವಂದೇ ಭಾರತ್ ಕೂಡ ಬಂತು.

ಕಾಗದದ ಮೊದಲ ಸಾಲಿನ 'ಕ್ಷೇಮ' ಸುಮ್ಮನೆ ಬರೆಯುವ ಮಾತಲ್ಲ ಎಂದು ಗೊತ್ತಾದದ್ದು 1961ರ ಜುಲೈ 12ರಂದು. ಆವತ್ತು ಬೆಳಿಗ್ಗೆ ಪಾನಶೇತ್ ಅಣೆಕಟ್ಟು ಒಡೆಯಿತು, ಅದರ ನೀರಿಗೆ ಖಡಕವಾಸಲಾ ಕೂಡ ತಡೆಯಲಿಲ್ಲ. ಮುಠಾ ನದಿ ದಂಡೆಯ ಪೇಟೆಗಳಿಗೆ ನೀರು ನುಗ್ಗಿ ಸೇತುವೆಗಳು ಮುಳುಗಿದವು. ಕರ್ನಾಟಕದ ಊರುಗಳಲ್ಲಿ ಪುಣೆಯ ಕಾಗದಕ್ಕಾಗಿ ಕಾದ ಆ ದಿನಗಳನ್ನು ಹಿರಿಯರು ಮಾತಾಡುತ್ತಿದ್ದರು: ಪತ್ರಿಕೆಯಲ್ಲಿ ಪೇಟೆಗಳ ಹೆಸರು ಓದೋದು, ಮಗನ ಕಾರ್ಡಿನ ಮೇಲಿನ ವಿಳಾಸ ತೆಗೆದು ಅದೇ ಪೇಟೆಯೋ ಅಂತ ನೋಡೋದು. ಶನಿವಾರ, ನಾರಾಯಣ, ಕಸಬಾ, ಎಲ್ಲ ಪೇಟೆಗಳೂ ಅವರಿಗೆ ಒಂದೇ.

ಲಗ್ನದ ಸುದ್ದಿಗಳಲ್ಲಿ ಕಾಲ ಇನ್ನೂ ಚೆನ್ನಾಗಿ ಕಾಣುತ್ತದೆ. ಮೊದಲು 'ವರ ಪುಣಾದಾಗ ಇದ್ದಾನ, ನೌಕರಿ ಕಾಯಂ' ಎಂಬುದು ಹೆಣ್ಣು ಕೊಡುವವರಿಗೆ ತೂಕದ ಮಾತು. ಲಗ್ನ ಊರಲ್ಲೇ ಆಗಬೇಕು, ಜವಳಿ ಮಾತ್ರ ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ತೆಗೆಯಬೇಕು. ಬರಲಾಗದವರು ತಂತಿ ಕೊಡುತ್ತಿದ್ದರು. ಪೋಸ್ಟಿನಲ್ಲಿ ಒಂದು ನಂಬರು ಹೇಳಿದರೆ ಸಾಕು, ಸಿದ್ಧ ಶುಭಾಶಯದ ವಾಕ್ಯ ತಾನೇ ಹೋಗುತ್ತಿತ್ತು. ಆ ತಂತಿ ಸೇವೆಯೂ 2013ರ ಜುಲೈನಲ್ಲಿ ಮುಗಿಯಿತು. ಎರಡನೆಯ ತಲೆಮಾರಿಗೆ ಲಗ್ನಪತ್ರಿಕೆ ಎರಡು ಲಿಪಿಯಲ್ಲಿ ಅಚ್ಚಾಯಿತು, ಮರಾಠಿ ಸೊಸೆ ಬಂದಳು, ಮರಾಠಿ ಅಳಿಯ ಬಂದ. ತುಳುನಾಡಿನವರು ಊರಿಗೆ ಹೋಗಿಯೇ ಧಾರೆ ಎರೆಯುತ್ತಿದ್ದವರು ಈಗ ಬಾಣೇರಿನಲ್ಲಿ ಬಂಟರ ಸಂಘ ಕಟ್ಟಿದ ಭವನದಲ್ಲೂ ಮಾಡುತ್ತಾರೆ. ಮೂರನೆಯ ತಲೆಮಾರಿನ ಪತ್ರಿಕೆಯಲ್ಲಿ ಕನ್ನಡ ಬಿಟ್ಟುಹೋಗಿರುತ್ತದೆ. ಬೇಕೆಂದು ಬಿಟ್ಟದ್ದಲ್ಲ. ಕನ್ನಡ ಸಂಘದವರು ಕಾವೇರಿ ಹೆಸರಿನಲ್ಲಿ ಶಾಲೆ, ಕಾಲೇಜು ನಡೆಸುತ್ತಾರೆ. ಆದರೂ ಮನೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಮಕ್ಕಳಿಗೆ ಅಕ್ಷರ ಬರೋದಿಲ್ಲ. ಅಜ್ಜಿಯ ಕಾಗದದ ಕಟ್ಟು ಕೈಗೆ ಸಿಕ್ಕರೆ ಮೊಮ್ಮಗಳು ಅದನ್ನು ಯಾರಿಂದಲಾದರೂ ಓದಿಸಿಕೊಳ್ಳಬೇಕು. ಓದುವವರು ಸಿಗದಿದ್ದರೆ ರದ್ದಿ.

ಸಿನಿಮಾದ ಮಾತು ಇಲ್ಲಿ ಬೇರೆ ಥರ ಚುಚ್ಚುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ತಯಾರಾದದ್ದು ಕೊಲ್ಹಾಪುರದಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಪ್ರಭಾತ್ ಕಂಪನಿ ಕೊಲ್ಹಾಪುರ ಬಿಟ್ಟು ಪುಣೆಗೆ ಬಂದಿತ್ತು. ಪ್ರಭಾತ್ ಮುಚ್ಚಿದ ಮೇಲೆ ಅದೇ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು. 1974ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರು; ಔಷಧ ಶಾಸ್ತ್ರ ಓದಿ ಅದನ್ನು ಬಿಟ್ಟುಬಂದ ಗಿರೀಶ ಕಾಸರವಳ್ಳಿ ಆಗ ಅಲ್ಲಿ ವಿದ್ಯಾರ್ಥಿ. 'ಘಟಶ್ರಾದ್ಧ' 1977ರದು. ಕಾಗದಗಳಲ್ಲಿ ಇದ್ಯಾವುದೂ ಇರೋದಿಲ್ಲ ಬಿಡಿ. ಅಲ್ಲಿ ಇರೋದು ರಾಜಕುಮಾರ್ ಸಿನಿಮಾ ಬಂತೆಂದು ಖಡಕಿಯಿಂದ ಬಸ್ಸು ಹತ್ತಿ ಹೋದದ್ದು, ಪಕ್ಕದಲ್ಲಿ ಕೂತವರು ಬಾಗಲಕೋಟೆಯವರು ಅಂತ ಗೊತ್ತಾದದ್ದು. 2022ರಲ್ಲಿ 'ಕಾಂತಾರ' ಬಂದಾಗಲೂ ಅಷ್ಟೇ. ಹಿಂದಿಗೆ ಡಬ್ ಆದ ಮೇಲೆ ಮರಾಠಿ ಗೆಳೆಯರು ನೋಡಿ ಬಂದು ಭೂತಕೋಲದ ಬಗ್ಗೆ ಹೋಟೆಲಿನ ಗಲ್ಲಾದ ಮುಂದೆ ನಿಂತು ಕೇಳುತ್ತಿದ್ದರು.

ಇದೇ ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾಯಿತು. ಪಿ.ಕೆ. ನಾಯರ್ ತುಂಡು ತುಂಡು ರೀಲುಗಳನ್ನೂ ಬಿಡದೆ ಕೂಡಿಸಿದರು; ಹೆಗ್ಗೋಡಿನ ನೀನಾಸಂಗೆ ಜಗತ್ತಿನ ಸಿನಿಮಾ ಹೋದದ್ದು ಅವರಿಂದ. ರೀಲಿಗೆ ಅಂಥವರೊಬ್ಬರು ಸಿಕ್ಕರು. ಕಾರ್ಡುಗಳನ್ನು ಹಾಗೆ ಕೂಡಿಸಿದವರು ಯಾರೂ ಇಲ್ಲ.

ಇನ್ನು, ಕಾಗದವನ್ನೇ ಬರೆಯದವರೂ ಇದ್ದರು. ಕಲಬುರ್ಗಿ, ಯಾದಗಿರಿ, ವಿಜಾಪುರ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊತ್ತವರು ಎಲ್ಲರಿಗಿಂತ ಹೆಚ್ಚು ದುಡಿದವರು, ಎಲ್ಲರಿಗಿಂತ ಕಡಿಮೆ ಬರೆದವರು. ಸ್ವಾರಗೇಟಿನಿಂದ ಊರಿಗೆ ಹೊರಟವರ ಕೈಲಿ ಬಾಯಿಮಾತು, ಒಂದಿಷ್ಟು ರೊಕ್ಕ, ಆಮೇಲೆ ಮೊಬೈಲು. ಗಡಿ ಎಲ್ಲಿದೆ ಅಂತ ಅವರು ವಿಚಾರ ಮಾಡಿದವರೇ ಅಲ್ಲ. ಗಡಿ ಗಲಾಟೆಯಾದಾಗ ಬಸ್ಸು ನಿಲ್ಲುತ್ತಿತ್ತು, 2022ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದಂತೆ. ನಾಲ್ಕು ದಿನಕ್ಕೆ ಮತ್ತೆ ಓಡುತ್ತಿತ್ತು. 1956ರ ಆ ಗೆರೆ ಅವರಿಗೆ ಕಣ್ಣಿಗೆ ಕಂಡದ್ದು 2020ರಲ್ಲಿ. ಲಾಕ್‌ಡೌನ್‌ನಲ್ಲಿ ಕೆಲಸ ನಿಂತಿತು, ಖೋಲಿಯ ಭಾಡಿಗೆ ನಿಲ್ಲಲಿಲ್ಲ. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ಇಲ್ಲ ಎಂದಿತು. ರೋಗದ ಹೆದರಿಕೆ ಸುಳ್ಳಲ್ಲ, ನಿರ್ಧಾರ ಮಾಡಿದವರ ಕಷ್ಟವೂ ಗೊತ್ತು. ಆದರೆ ತಡೆದದ್ದು ಪರರಾಜ್ಯದವರನ್ನಲ್ಲ, ಸ್ವಂತ ಊರಿಗೆ ಹೊರಟ ಕನ್ನಡಿಗರನ್ನು. ನಿಪ್ಪಾಣಿಗೆ ಮೊದಲು ಸಿಗುವ ಕೊಗನೊಳಿ ನಾಕಾದಲ್ಲಿ, ಆಚೆ ಬದಿಯ ಬೋರ್ಡಿನಲ್ಲಿ ಕನ್ನಡ ಅಕ್ಷರ ಕಾಣುವಷ್ಟು ಹತ್ತಿರದಲ್ಲಿ, ಗಂಟುಮೂಟೆ ಇಟ್ಟುಕೊಂಡು ಕಾದವರು ಮನೆಗೆ ಫೋನು ಹಚ್ಚಿ ಹೇಳಿದ ಸುದ್ದಿಯೂ ಹಳೆಯ ಕಾರ್ಡಿನ ಮೊದಲೆರಡು ಸಾಲೇ: ಎಲ್ಲಾರೂ ಆರಾಮ ಇದ್ದೀವಿ, ಯಾವಾಗ ಬರ್ತೀವಿ ಗೊತ್ತಿಲ್ಲ.