ಕದ್ದು ಕೇಳೋ ಕೋಬ್ರಾಗಳು

ಹೋದ ವಾರ ನಂಜನಗೂಡಿಂದ ಟಿ. ನರಸೀಪುರಕ್ಕೆ ಬಸ್ಸಲ್ಲಿ ಹೋಗ್ತಿದ್ದೆ. ಫೋನ್ ಜೇಬಲ್ಲೇ ಇತ್ತು, ಯಾರಿಗೂ ಕಾಲ್ ಮಾಡಿರಲಿಲ್ಲ. ಆದ್ರೂ ಅದು ಆಗಾಗ ಟವರಿಗೆ 'ನಾನು ಇಲ್ಲಿದ್ದೀನಿ' ಅಂತ ಹೇಳ್ತಾನೇ ಇರುತ್ತೆ. ಹೀಗೆ ತಾವಾಗೇ ಬಾಯಿಬಿಡೋ ಯಂತ್ರಗಳ ಮಾತು ಕದ್ದು ಕೇಳೋ ಒಂದು ವಿಮಾನದಳ ನಮ್ಮ ನೌಕಾಪಡೆಯಲ್ಲಿದೆ. ಐಎನ್‌ಎಎಸ್ 310, ಅಡ್ಡಹೆಸರು ಕೋಬ್ರಾಸ್. ಕೊರಳಿಗೆ ಹಾವು ಸುತ್ಕೊಂಡ ನಂಜುಂಡೇಶ್ವರನ ಊರಿನವರಿಗೆ ಈ ಹೆಸರಿನ ಅರ್ಥ ಹೇಳಬೇಕಿಲ್ಲ ಬಿಡಿ.

ಮೊದಲು ಕದ್ದು ಕೇಳೋದು ಹೇಗೆ ಅಂತ ನೋಡೋಣ. ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋದವರ ಕೈಲಿ ಬ್ಯಾಟರಿ ಇರುತ್ತೆ. ಆ ಬೆಳಕಲ್ಲಿ ಅವರಿಗೆ ಕಾಣೋದು ಹತ್ತಿಪ್ಪತ್ತು ಮಾರು ಅಷ್ಟೆ. ಆದ್ರೆ ಹೊಳೆಯಾಚೆ ಕತ್ತಲಲ್ಲಿ ಕೂತವನಿಗೂ ಆ ಬೆಳಕು ಕಾಣುತ್ತೆ. ರೇಡಾರ್ ಕೂಡ ಹೀಗೇ. ಅದು ಬಿಟ್ಟ ಅಲೆ ಎದುರಿನ ವಸ್ತುವಿಗೆ ಬಡಿದು ವಾಪಸ್ ಬರಬೇಕು, ಹೋಗ್ತಾ ಬರ್ತಾ ಸವೆದುಹೋಗುತ್ತೆ. ಕದ್ದು ಕೇಳೋನಿಗೆ ಹೋಗೋ ಅಲೆ ಒಂದೇ ಸಾಕು. ಹಾಗಾಗಿ ರೇಡಾರ್ ಕಣ್ಣಿಗೆ ಬೀಳೋ ಮುಂಚೆನೇ ಅದರ ಸದ್ದು ಹಿಡೀಬಹುದು. ಯಾವ ಫ್ರೀಕ್ವೆನ್ಸಿ, ಎಷ್ಟು ಹೊತ್ತಿಗೊಂದು ಮಿಡಿತ, ಯಾವ ದಿಕ್ಕು ಅಂತ ಬರೆದಿಟ್ಕೊಂಡ್ರೆ ಮುಂದಿನ ಸಲ ಅದು ಯಾವ ತರಹದ ರೇಡಾರ್ ಅಂತ ಗೊತ್ತಾಗುತ್ತೆ. ಬಿ.ಕಾಂ. ಓದಿದ ನನಗೆ ಇದು ಲೆಡ್ಜರ್ ಕೆಲಸದ ಹಾಗೇ ಕಾಣ್ಸುತ್ತೆ. ಶಾಂತಿಕಾಲದಲ್ಲಿ ಎಂಟ್ರಿ ಹಾಕಿಲ್ಲ ಅಂದ್ರೆ ಯುದ್ಧಕಾಲದಲ್ಲಿ ಲೆಕ್ಕ ಸಿಗಲ್ಲ.

ಈ ದಳ ಹುಟ್ಟಿದ್ದು ಫ್ರಾನ್ಸ್‌ನ ಇಯೇರ್ ಅನ್ನೋ ಊರಲ್ಲಿ, 1961ರ ಮಾರ್ಚ್ 21ರಂದು. ವಿಮಾನ ಬ್ರೆಗೆ ಕಂಪನಿಯ ಅಲಿಜೆ. ಒಂದೇ ಪ್ರೊಪೆಲ್ಲರ್, ಮೂರು ಜನ, ಹೊಟ್ಟೆಯಿಂದ ಕೆಳಗಿಳಿಸೋ ರೇಡಾರ್. ಆಗಿನ ಮುಖ್ಯ ಕೆಲಸ ಜಲಾಂತರ್ಗಾಮಿ ಬೇಟೆ. ಅದೇ ತಿಂಗಳು ಸೇವೆಗೆ ಸೇರಿದ ವಿಮಾನವಾಹಕ ಹಡಗು ವಿಕ್ರಾಂತ್ ಇದರ ಮನೆ.

ವರ್ಷ ತುಂಬೋದ್ರೊಳಗೆ ಗೋವಾ ಕಾರ್ಯಾಚರಣೆ. ಆಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನ ವಶಕ್ಕೆ ತಗೊಳ್ಳೋಕೆ ಹೋದ ಹಡಗುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು, ಅದರ ಲಾಂಛನ ನಮ್ಮ ಗಂಡಭೇರುಂಡ. ಅಲ್ಲಿ ನೌಕಾಪಡೆಯ 7 ಜನ ಪ್ರಾಣ ಕೊಟ್ಟರು. ಆ ಡಿಸೆಂಬರಲ್ಲಿ ವಿಕ್ರಾಂತ್ ಕೂಡ ಅರಬ್ಬೀ ಸಮುದ್ರದಲ್ಲಿ ಕಾವಲಿಗಿತ್ತು. ಡಾಬೋಲಿಂ ಆಗ ಶತ್ರುವಿನ ವಿಮಾನ ನಿಲ್ದಾಣ, ನಮ್ಮ ವಾಯುಪಡೆ ಅದರ ರನ್‌ವೇ ಮೇಲೆ ಬಾಂಬ್ ಹಾಕಿತ್ತು. ಇವತ್ತು ಕೋಬ್ರಾಗಳು ಹಾರೋದು ಅದೇ ಡಾಬೋಲಿಂನಿಂದ!

1971ರಲ್ಲಿ ವಿಕ್ರಾಂತ್ ಬಂಗಾಳ ಕೊಲ್ಲಿಗೆ ಹೋಯ್ತು. ಅದರ ಅಲಿಜೆಗಳು ಪೂರ್ವ ಪಾಕಿಸ್ತಾನದ ಬಂದರುಗಳ ಮೇಲೆ ರಾತ್ರಿ ದಾಳಿ ಮಾಡಿದ್ವು. ಪತ್ರಿಕೆ, ಸಿನಿಮಾಗಳಲ್ಲಿ ಬರೋದು ಈ ಕಥೆ. ಪಶ್ಚಿಮದಲ್ಲಿ ನಡೆದಿದ್ದು ಬೇರೆ. ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಅವರ ಅಲಿಜೆಯನ್ನ ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದುರುಳಿಸಿತು. ಒಂದು ಕಡೆ ಶಬ್ದದ ಎರಡರಷ್ಟು ವೇಗದ ಜೆಟ್, ಇನ್ನೊಂದು ಕಡೆ ಗಂಟೆಗೆ 500 ಕಿ.ಮೀ. ಆಸುಪಾಸಲ್ಲೇ ಸುಸ್ತಾಗೋ ವಿಮಾನ. ಮೂವರೂ ವಾಪಸ್ ಬರಲಿಲ್ಲ. ಗಸ್ತಿನ ವಿಮಾನದ ಕಷ್ಟವೇ ಇದು: ಶತ್ರುವಿನ ಹತ್ತಿರ ಸುಳಿದಾಡಬೇಕು, ತನ್ನ ರೇಡಾರ್ ಹಾಕಿದ್ರೆ ತಾನೂ ಬ್ಯಾಟರಿ ಹಿಡಿದವನೇ.

1991ರಲ್ಲಿ ಅಲಿಜೆ ಹೋಗಿ ಡಾರ್ನಿಯರ್ 228 ಬಂತು. ಹಡಗಿನ ಡೆಕ್ ಬಿಟ್ಟು ನೆಲದಿಂದ ಹಾರೋ ಎರಡು ಎಂಜಿನ್ನಿನ ವಿಮಾನ. ಜಲಾಂತರ್ಗಾಮಿ ಬೇಟೆ ಹಿಂದೆ ಸರೀತು, ಕದ್ದು ಕೇಳೋದು ಮುಂದೆ ಬಂತು. 1999ರ ಕಾರ್ಗಿಲ್ ಯುದ್ಧದಲ್ಲಂತೂ ಸಮುದ್ರದ ಈ ವಿಮಾನಗಳು ಹಿಮದ ಬೆಟ್ಟಗಳ ಪಕ್ಕ, ಗಡಿ ನಿಯಂತ್ರಣ ರೇಖೆಯುದ್ದಕ್ಕೂ ಹಾರಿ ಆಚೆ ಕಡೆಯ ಸಿಗ್ನಲ್ ಹುಡುಕಿದ್ವು. ಕಾರ್ಗಿಲ್‌ನಲ್ಲಿ ನೌಕಾಪಡೆಗೇನು ಕೆಲಸ ಅಂತ ನಾನೂ ಕೇಳ್ತಿದ್ದೆ, ಈಗ ಕೇಳಲ್ಲ.

2021ರ ಮಾರ್ಚ್‌ನಲ್ಲಿ ದಳಕ್ಕೆ 60 ವರ್ಷ ತುಂಬಿತು. ಇಡೀ ನೌಕಾಪಡೆಯಲ್ಲಿ ಅತಿ ಹೆಚ್ಚು ಪದಕ ಪಡೆದ ಘಟಕ ಇದು. ಆದ್ರೆ ಇವರು ಏನು ಕೇಳಿಸ್ಕೊಂಡ್ರು ಅನ್ನೋ ಲೆಡ್ಜರ್ ಮಾತ್ರ ನಮ್ಮ ನಿಮ್ಮ ಕೈಗೆ ಸಿಗೋದಲ್ಲ. ಸರಿ, ಮುಂದಿನ ಕಂತಲ್ಲಿ ಸಿಗೋಣ.