ಬೀಗ ಹಾಕಿದ ಬಾಗಿಲ ಮುಂದೆ

2006ರ ಸೆಪ್ಟೆಂಬರ್ 29. ರಷ್ಯಾಕ್ಕೆ ಸೇರಿದ ಕಲ್ಮೀಕಿಯಾ ಗಣರಾಜ್ಯದ ರಾಜಧಾನಿ ಎಲಿಸ್ತಾ. ವಿಶ್ವ ಚೆಸ್ ಚಾಂಪಿಯನ್‌ಪಟ್ಟದ ಐದನೆಯ ಆಟ ಶುರುವಾಗಬೇಕು. ಬಲ್ಗೇರಿಯಾದ ವೆಸೆಲಿನ್ ಟೊಪಾಲೊವ್ ಮೇಜಿನ ಮುಂದೆ ಬಂದು ಕೂತಿದ್ದಾರೆ. ಎದುರಿನ ಕುರ್ಚಿ ಖಾಲಿ. ಅಲ್ಲಿ ಕೂರಬೇಕಾದ ರಷ್ಯಾದ ವ್ಲಾದಿಮಿರ್ ಕ್ರಾಮ್ನಿಕ್ ತಮ್ಮ ವಿಶ್ರಾಂತಿ ಕೋಣೆ ಬಿಟ್ಟು ಬರುತ್ತಿಲ್ಲ. ಆ ಕೋಣೆಗೆ ಹೊಂದಿಕೊಂಡ ಶೌಚಾಲಯಕ್ಕೆ ಬೀಗ ಬಿದ್ದಿದೆ. ಅದನ್ನು ತೆಗೆಯುವವರೆಗೂ ಆಡುವುದಿಲ್ಲ ಎಂಬುದು ಅವರ ಹಟ. ಗಡಿಯಾರ ಓಡುತ್ತಲೇ ಇತ್ತು. ಒಂದು ಗಂಟೆ ಕಳೆದ ಮೇಲೆ, ಮಣೆಯ ಮೇಲಿನ ಒಂದು ಪೇದೆಯೂ ಕದಲದೆ, ಆ ಆಟ ಟೊಪಾಲೊವ್ ಪಾಲಾಯಿತು.

ವಿಶ್ವ ಚಾಂಪಿಯನ್‌ಪಟ್ಟ ಬಚ್ಚಲಮನೆಯ ಬೀಗದ ಮೇಲೆ ನಿಂತ ಈ ಪ್ರಸಂಗಕ್ಕೆ ಪತ್ರಿಕೆಗಳು ‘ಟಾಯ್ಲೆಟ್‌ಗೇಟ್’ ಎಂದು ಹೆಸರಿಟ್ಟು ನಕ್ಕವು. ನಗು ಬರುವಂಥದ್ದೇ. ಆದರೆ ಆ ಬೀಗದ ಹಿಂದಿದ್ದ ಅನುಮಾನ ನಗುವಂಥದ್ದಾಗಿರಲಿಲ್ಲ. ಅದು ಇವತ್ತಿಗೂ ಚೆಸ್ ಲೋಕವನ್ನು ಬಿಟ್ಟು ಹೋಗಿಲ್ಲ. ಬಾಗಿಲು ಹಾಕಿಕೊಂಡ ಮನುಷ್ಯ ಒಳಗೆ ಏನು ಮಾಡುತ್ತಿದ್ದಾನೆ? ಅವನ ಜೊತೆ ಯಂತ್ರವೊಂದು ಇದೆಯೇ?

ಈ ಅನುಮಾನಕ್ಕೆ ಒಂದು ಪೂರ್ವಜನ್ಮವಿದೆ. ಆಗ ಅದು ತಿರುಗುಮುರುಗಾಗಿತ್ತು. 1770ರಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಕುಶಲಿ ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾಳ ಆಸ್ಥಾನದಲ್ಲಿ ಚೆಸ್ ಆಡುವ ಬೊಂಬೆಯೊಂದನ್ನು ತಂದು ನಿಲ್ಲಿಸಿದ. ಪೇಟ ಸುತ್ತಿಕೊಂಡು ಪೆಟ್ಟಿಗೆಯ ಹಿಂದೆ ಕೂತ ಆ ‘ತುರ್ಕ’ ಯುರೋಪಿನ ದೊಡ್ಡದೊಡ್ಡವರನ್ನು ಸೋಲಿಸಿತು. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಆಡಿ ಸೋತ. ಪೆಟ್ಟಿಗೆಯ ಬಾಗಿಲು ತೆರೆದರೆ ಚಕ್ರ, ಹಲ್ಲುಗಳು ಮಾತ್ರ ಕಾಣುತ್ತಿದ್ದವು. ನಿಜಕ್ಕೂ ಒಳಗೆ ಮೈ ಮುದುಡಿಕೊಂಡು ಕೂತಿರುತ್ತಿದ್ದವನು ಒಬ್ಬ ಒಳ್ಳೆಯ ಆಟಗಾರ. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1836ರಲ್ಲಿ ಇದರ ಗುಟ್ಟು ಬಿಡಿಸಲು ಒಂದು ಪ್ರಬಂಧವನ್ನೇ ಬರೆದ. ಅವನ ವಾದಗಳಲ್ಲಿ ಒಂದು ಸ್ವಾರಸ್ಯಕರವಾಗಿದೆ: ನಿಜವಾದ ಯಂತ್ರವಾಗಿದ್ದರೆ ಅದು ಸದಾ ಗೆಲ್ಲಬೇಕಿತ್ತು, ಈ ಬೊಂಬೆ ಆಗಾಗ ಸೋಲುತ್ತದೆ, ಆದ್ದರಿಂದ ಇದರೊಳಗೆ ಮನುಷ್ಯನಿದ್ದಾನೆ. ಈ ತರ್ಕವನ್ನು ನೆನಪಿನಲ್ಲಿಟ್ಟುಕೊಳ್ಳಿ. ಅದನ್ನೇ ಮಗುಚಿ ಹಾಕಿದರೆ ನಮ್ಮ ಕಾಲದ ಆರೋಪಪಟ್ಟಿ ಸಿದ್ಧವಾಗುತ್ತದೆ: ಇವನು ತಪ್ಪೇ ಮಾಡುತ್ತಿಲ್ಲ, ಆದ್ದರಿಂದ ಇವನೊಳಗೆ ಯಂತ್ರವಿದೆ.

ಮಗುಚಿದ್ದು 1997ರ ನಂತರ. ಆ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾರಿ ಕಾಸ್ಪರೋವ್ ಐಬಿಎಂನ ಡೀಪ್ ಬ್ಲೂ ಎದುರು ಆರು ಆಟಗಳನ್ನು ಆಡಿದರು. ಮೊದಲನೆಯದನ್ನು ಗೆದ್ದರು. ಎರಡನೆಯ ಆಟದಲ್ಲಿ, ಎದುರಾಳಿಯ ಪೇದೆಗಳನ್ನು ದೋಚುವ ಅವಕಾಶ ಬಂದರೂ ಡೀಪ್ ಬ್ಲೂ ಆಸೆಪಡಲಿಲ್ಲ. ಸಾವಧಾನವಾಗಿ ಬಿಗಿ ಹಿಡಿತ ಸಾಧಿಸುವ ನಡೆ ನಡೆಸಿತು. ಯಂತ್ರಕ್ಕೆ ಈ ಸಂಯಮ ಎಲ್ಲಿಂದ ಬಂತು? ಗಾಬರಿಗೊಂಡ ಕಾಸ್ಪರೋವ್ ಸೋಲೊಪ್ಪಿಕೊಂಡರು. ಸೋಲೊಪ್ಪಿದ ಸ್ಥಿತಿಯಲ್ಲೂ ಡ್ರಾಗೆ ದಾರಿಯಿತ್ತೆಂದು ಮರುದಿನ ಅವರ ಬಳಗದವರೇ ತಿಳಿಸಿದಾಗ ಅವರ ತಲೆ ಕೆಟ್ಟಿತು. ಪತ್ರಿಕಾಗೋಷ್ಠಿಯಲ್ಲಿ ಮರಡೋನಾನ ‘ದೇವರ ಕೈ’ ಗೋಲನ್ನು ನೆನಪಿಸಿ, ಯಂತ್ರದ ಹಿಂದೆ ಗ್ರ್ಯಾಂಡ್‌ಮಾಸ್ಟರ್ ಒಬ್ಬನ ಕೈವಾಡವಿದೆ ಎಂಬ ಅನುಮಾನವನ್ನು ತೇಲಿಬಿಟ್ಟರು. ಪಂದ್ಯ 3½–2½ರಿಂದ ಯಂತ್ರದ ಪಾಲಾಯಿತು. ಐಬಿಎಂ ಮರುಪಂದ್ಯಕ್ಕೆ ಒಪ್ಪದೆ ಡೀಪ್ ಬ್ಲೂವನ್ನು ಮೂಲೆಗಿಟ್ಟಿತು. ಲೆಕ್ಕದ ದಾಖಲೆಗಳನ್ನು ಆಮೇಲೆ ಅಂತರ್ಜಾಲದಲ್ಲಿ ಹಾಕಿತು. ಕೈವಾಡ ಎಂದೂ ಸಾಬೀತಾಗಲಿಲ್ಲ. ಪೆಟ್ಟಿಗೆಯೊಳಗೆ ಮನುಷ್ಯನನ್ನು ಹುಡುಕಿದ ಕೊನೆಯ ದೊಡ್ಡ ಪ್ರಸಂಗ ಅದೇ ಇರಬೇಕು. ಅಲ್ಲಿಂದ ಮುಂದೆ ಹುಡುಕಾಟವೆಲ್ಲ ಮನುಷ್ಯನ ಕಿವಿ, ಟೋಪಿ, ಬೂಟು, ಜೇಬುಗಳಲ್ಲಿ.

ಎಲಿಸ್ತಾಕ್ಕೆ ಮರಳೋಣ. 1993ರಲ್ಲಿ ಕಾಸ್ಪರೋವ್ ಮತ್ತು ನೈಜೆಲ್ ಶಾರ್ಟ್ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯಿಂದ ಸಿಡಿದು ಹೊರಬಂದ ಮೇಲೆ ಹದಿಮೂರು ವರ್ಷ ಲೋಕಕ್ಕೆ ಇಬ್ಬರು ಚಾಂಪಿಯನ್ನರು. ಒಂದು ಕಡೆ 2000ದಲ್ಲಿ ಲಂಡನ್ನಿನಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ಕ್ರಾಮ್ನಿಕ್. ಇನ್ನೊಂದು ಕಡೆ 2005ರಲ್ಲಿ ಅರ್ಜೆಂಟೀನಾದ ಸಾನ್ ಲೂಯಿಸ್‌ನಲ್ಲಿ ಫಿಡೆ ಪಟ್ಟ ಗೆದ್ದ ಟೊಪಾಲೊವ್. ಎರಡು ಪಟ್ಟಗಳನ್ನು ಒಂದಾಗಿಸುವ ಹನ್ನೆರಡು ಆಟಗಳ ಪಂದ್ಯ ಇದು. ಆತಿಥೇಯ ಕಿರ್ಸಾನ್ ಇಲ್ಯುಮ್‌ಝಿನೊವ್ ಏಕಕಾಲಕ್ಕೆ ಕಲ್ಮೀಕಿಯಾದ ಅಧ್ಯಕ್ಷರೂ ಹೌದು, ಫಿಡೆಯ ಅಧ್ಯಕ್ಷರೂ ಹೌದು. ಹುಲ್ಲುಗಾವಲಿನ ನಡುವೆ ಚೆಸ್‌ಗಾಗಿಯೇ ಒಂದು ಬಡಾವಣೆ ಕಟ್ಟಿಸಿದ ಆಸಾಮಿ.

ನಾಲ್ಕು ಆಟಗಳ ಹೊತ್ತಿಗೆ ಕ್ರಾಮ್ನಿಕ್ 3–1ರಿಂದ ಮುಂದಿದ್ದರು. ಆಗ ಟೊಪಾಲೊವ್ ಅವರ ವ್ಯವಸ್ಥಾಪಕ ಸಿಲ್ವಿಯೊ ದಾನೈಲೊವ್ ದೂರು ಕೊಟ್ಟರು: ಕ್ರಾಮ್ನಿಕ್ ಆಟದ ನಡುವೆ ಲೆಕ್ಕವಿಲ್ಲದಷ್ಟು ಸಲ ಶೌಚಾಲಯಕ್ಕೆ ಹೋಗುತ್ತಾರೆ, ವಿಶ್ರಾಂತಿ ಕೋಣೆಯಲ್ಲಿ ಕ್ಯಾಮೆರಾ ಇದೆ, ಅಲ್ಲಿ ಮಾತ್ರ ಇಲ್ಲ. ಒಂದು ಆಟದಲ್ಲಿ ಐವತ್ತು ಸಲ ಎಂಬುದು ಅವರ ಲೆಕ್ಕ. ಮೇಲ್ಮನವಿ ಸಮಿತಿ ಮೋಸದ ಮಾತೆತ್ತಲಿಲ್ಲ, ಆದರೆ ಇಬ್ಬರ ಖಾಸಗಿ ಶೌಚಾಲಯಗಳನ್ನೂ ಮುಚ್ಚಿ, ಇಬ್ಬರಿಗೂ ಒಂದೇ ಸಾಮಾನ್ಯ ಶೌಚಾಲಯ ಎಂದು ತೀರ್ಪಿತ್ತಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ. ಮುರಿದದ್ದು ಪಂದ್ಯ.

ನನಗೆ ಇದರಲ್ಲಿ ಬೀಗಕ್ಕಿಂತ ಮುಖ್ಯವಾಗಿ ಕಾಣುವುದು ಮುಂದೆ ಬಂದ ಒಂದು ಕಾಗದ. ಟೊಪಾಲೊವ್ ಬಳಗ ಪತ್ರಿಕೆಗಳಿಗೆ ಅಂಕಿಅಂಶ ಬಿಡುಗಡೆ ಮಾಡಿತು: ಕ್ರಾಮ್ನಿಕ್ ಆಡಿದ ನಡೆಗಳು ‘ಫ್ರಿಟ್ಜ್ 9’ ಎಂಬ ತಂತ್ರಾಂಶ ಸೂಚಿಸುವ ನಡೆಗಳೊಂದಿಗೆ ಸರಾಸರಿ 78 ಶೇಕಡಾ ಹೊಂದುತ್ತವೆಯಂತೆ. ಶೇಕಡಾ ಎಂದಕೂಡಲೇ ವಿಜ್ಞಾನದ ವಾಸನೆ ಬರುತ್ತದಲ್ಲ! ಆದರೆ ಚೆಸ್‌ನಲ್ಲಿ ಎಷ್ಟೋ ನಡೆಗಳು ತಾವಾಗಿ ಬರುತ್ತವೆ. ನನ್ನ ಕುದುರೆಯನ್ನು ನೀವು ಹೊಡೆದರೆ ನಿಮ್ಮ ಕುದುರೆಯನ್ನು ನಾನು ಹೊಡೆಯಲೇಬೇಕು. ಅದನ್ನು ಯಂತ್ರವೂ ಹೇಳುತ್ತದೆ, ಶಾಲೆಯ ಹುಡುಗನೂ ಹೇಳುತ್ತಾನೆ. ಇನ್ನು ಲೋಕದ ಅತಿ ಒಳ್ಳೆಯ ಆಟಗಾರನೂ ಒಳ್ಳೆಯ ಯಂತ್ರವೂ ಒಳ್ಳೆಯ ನಡೆಯನ್ನೇ ಹುಡುಕುವುದರಿಂದ ಇಬ್ಬರ ಉತ್ತರ ಹಲವು ಸಲ ಒಂದೇ ಆಗಿರುವುದರಲ್ಲಿ ಅಚ್ಚರಿಯೇನು? ಅಷ್ಟೇ ಅಲ್ಲ, ಎರಡನೆಯ ಆಟದಲ್ಲಿ ಟೊಪಾಲೊವ್ ಗೆಲ್ಲುವ ಒಂದು ದಾರಿಯನ್ನು ಕಾಣದೆ ಕೈಬಿಟ್ಟಿದ್ದರು. ಯಾವ ಯಂತ್ರವೂ ಕ್ಷಣದಲ್ಲಿ ಹಿಡಿಯುವ ದಾರಿ ಅದು. ಕ್ರಾಮ್ನಿಕ್ ಬಳಿ ಫ್ರಿಟ್ಜ್ ಇದ್ದಿದ್ದರೆ ಅಂಥ ಬೆಂಕಿಗೆ ಅವರು ಕೈ ಹಾಕುತ್ತಲೇ ಇರಲಿಲ್ಲ.

ಬೀಗ ತೆರೆಯಿತು. ಐದನೆಯ ಆಟದ ಸೋಲು ಹಾಗೇ ಉಳಿಯಿತು. ಕ್ರಾಮ್ನಿಕ್ ಪ್ರತಿಭಟನೆಯೊಂದಿಗೇ ಅಕ್ಟೋಬರ್ 2ರಂದು ಆಟಕ್ಕೆ ಮರಳಿದರು. ನಡುವೆ ಟೊಪಾಲೊವ್ ಮುಂದೆ ಹೋದರು, ಕ್ರಾಮ್ನಿಕ್ ಹಿಡಿದರು. ಹನ್ನೆರಡರ ಕೊನೆಗೆ 6–6. ಆಡದೆ ಹೋದ ಆಟದ ಅಂಕವೂ ಅದರಲ್ಲಿ ಸೇರಿದೆ. ಅಕ್ಟೋಬರ್ 13ರಂದು ವೇಗದ ಆಟಗಳಲ್ಲಿ 2½–1½ರಿಂದ ಗೆದ್ದು ಕ್ರಾಮ್ನಿಕ್ ಏಕೈಕ ಚಾಂಪಿಯನ್ ಆದರು. ಇಬ್ಬರೂ ಮುಂದೆ ಎದುರಾದಾಗ ಕೈಕುಲುಕಲಿಲ್ಲ.

ಇದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ನವೆಂಬರ್ ಕೊನೆಯಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಕ್ರಾಮ್ನಿಕ್ ‘ಡೀಪ್ ಫ್ರಿಟ್ಜ್’ ಎದುರು ಆಡಿದರು. ಅಂದರೆ, ಯಾವುದನ್ನು ಬಚ್ಚಿಟ್ಟುಕೊಂಡಿದ್ದಾರೆಂದು ಆರೋಪ ಬಂದಿತ್ತೋ ಅದರ ದೊಡ್ಡಣ್ಣನೇ ಎದುರಿಗೆ. ಎರಡನೆಯ ಆಟದ ಒಂದು ಘಟ್ಟದಲ್ಲಿ ಯಂತ್ರ ಮುಂದಿನ ನಡೆಯಲ್ಲೇ ಚೆಕ್‌ಮೇಟ್ ಮಾಡುವಂತಿತ್ತು. ಹೊಸದಾಗಿ ಕಲಿತ ಮಕ್ಕಳಿಗೆ ಕೊಡುವಂಥ ಒಗಟು. ಚಾಂಪಿಯನ್ ಅದನ್ನು ಕಾಣಲಿಲ್ಲ. ತನ್ನ ರಾಣಿಯನ್ನು ಬೇರೆಡೆ ನಡೆಸಿದರು, ಯಂತ್ರ ಮೇಟ್ ಮಾಡಿತು. ಆ ಪಂದ್ಯವನ್ನು ಅವರು 4–2ರಿಂದ ಸೋತರು. ಎಲಿಸ್ತಾದ ಆರೋಪಕ್ಕೆ ಇದಕ್ಕಿಂತ ದೊಡ್ಡ ಪ್ರತಿಸಾಕ್ಷ್ಯ ಯಾವ ವಕೀಲನಿಗೂ ಸಿಗುತ್ತಿರಲಿಲ್ಲ.

ಹಾಗೆಂದು ಅನುಮಾನಗಳೆಲ್ಲ ಬರೀ ಹುರುಳಿಲ್ಲದವು ಎನ್ನುವಂತಿಲ್ಲ. 2010ರಲ್ಲಿ ಸೈಬೀರಿಯಾದ ಖಾಂತಿ-ಮಾನ್ಸಿಸ್ಕ್ ಒಲಿಂಪಿಯಾಡ್‌ನಲ್ಲಿ ಫ್ರಾನ್ಸ್ ತಂಡದ ಒಬ್ಬ ಆಟಗಾರನಿಗೆ ನೆರವು ಬಂದ ಬಗೆ ಪತ್ತೇದಾರಿ ಕಾದಂಬರಿಯಂತಿದೆ. ಊರಿನಲ್ಲಿದ್ದ ಗೆಳೆಯ ಕಂಪ್ಯೂಟರಿನಲ್ಲಿ ನಡೆ ಹುಡುಕಿ ಫೋನಿಗೆ ಸಂದೇಶ ಕಳಿಸುತ್ತಿದ್ದ. ತಂಡದ ನಾಯಕ ಸಭಾಂಗಣದಲ್ಲಿ ಯಾವ ಮೇಜಿನ ಹಿಂದೆ ಹೋಗಿ ನಿಂತ ಎಂಬುದೇ ಸಂಕೇತ. ಸಿಕ್ಕಿಬಿದ್ದದ್ದು ಯಾವ ಗಣಿತದಿಂದಲೂ ಅಲ್ಲ. ಆ ಫೋನಿನ ಸಂದೇಶಗಳು ಫ್ರೆಂಚ್ ಒಕ್ಕೂಟದ ಪದಾಧಿಕಾರಿಯೊಬ್ಬರ ಕಣ್ಣಿಗೆ ಬಿದ್ದವು. 2015ರಲ್ಲಿ ದುಬೈನಲ್ಲಿ ಜಾರ್ಜಿಯಾದ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಶೌಚಾಲಯದಲ್ಲಿ ಅಡಗಿಸಿಟ್ಟ ಫೋನು ಸಿಕ್ಕಿತು. 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ 58 ವರ್ಷದ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಶೌಚಾಲಯದಲ್ಲಿ ಫೋನು ಹಿಡಿದು ಕೂತಿದ್ದ ಚಿತ್ರ ಹೊರಬಂದು, ಅವರು ತಪ್ಪೊಪ್ಪಿಕೊಂಡರು. ದಾನೈಲೊವ್ ತಪ್ಪಾದ ಮನುಷ್ಯನ ಮೇಲೆ ಬೆರಳು ತೋರಿಸಿದ್ದರು. ಜಾಗವನ್ನು ಮಾತ್ರ ಸರಿಯಾಗಿಯೇ ಊಹಿಸಿದ್ದರು!

ನಮ್ಮ ಬೆಂಗಳೂರಿಗೂ ಇದರಲ್ಲೊಂದು ಸಣ್ಣ ಪಾತ್ರವಿದೆ. 2021ರ ಜೂನ್‌ನಲ್ಲಿ ಕೋವಿಡ್ ನೆರವಿಗಾಗಿ ನಡೆದ ಆನ್‌ಲೈನ್ ಆಟದಲ್ಲಿ ಉದ್ಯಮಿ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್ ಅವರನ್ನು ‘ಸೋಲಿಸಿದರು’. ಮರುದಿನವೇ ಕಂಪ್ಯೂಟರಿನ ನೆರವಿತ್ತೆಂದು ಒಪ್ಪಿ ಕ್ಷಮೆ ಕೇಳಿದರು. ಐದು ಸಲದ ವಿಶ್ವ ಚಾಂಪಿಯನ್ನನನ್ನು ಹವ್ಯಾಸಿಯೊಬ್ಬ ಸೋಲಿಸಿದಾಗ ಅನುಮಾನಕ್ಕೆ ಗಣಿತ ಬೇಕಿಲ್ಲ. ಕಷ್ಟವಿರುವುದು ತುತ್ತತುದಿಯಲ್ಲಿ. ಅಲ್ಲಿ ಇಡೀ ಆಟಕ್ಕೆ ಯಂತ್ರ ಬೇಕಾಗುವುದಿಲ್ಲ. ‘ಇಲ್ಲಿ ಏನೋ ಇದೆ, ನಿಂತು ಯೋಚಿಸು’ ಎಂಬ ಒಂದೇ ಕೆಮ್ಮು ಸಾಕು, ಉಳಿದದ್ದನ್ನು ಅವರೇ ಹುಡುಕುತ್ತಾರೆ. ಒಂದು ಕೆಮ್ಮು ಯಾವ ಶೇಕಡಾದಲ್ಲೂ ಕಾಣುವುದಿಲ್ಲ.

2022ರ ಸೆಪ್ಟೆಂಬರ್ 4ರಂದು ಸೇಂಟ್ ಲೂಯಿಸ್‌ನಲ್ಲಿ 19 ವರ್ಷದ ಹಾನ್ಸ್ ನೀಮನ್ ಕಪ್ಪು ಕಾಯಿಗಳಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನು ಸೋಲಿಸಿದಾಗ ಆದದ್ದು ಇದೇ. ಮರುದಿನ ಕಾರ್ಲ್‌ಸನ್ ಟೂರ್ನಿಯನ್ನೇ ಬಿಟ್ಟು ಹೋದರು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ, ಮಾತಾಡಿದರೆ ತೊಂದರೆ ಎನ್ನುವ ಫುಟ್‌ಬಾಲ್ ತರಬೇತುದಾರನೊಬ್ಬನ ವಿಡಿಯೊ ಹಾಕಿದರು. ನೀಮನ್ ಬಾಲ್ಯದಲ್ಲಿ ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿದ್ದನ್ನು ಒಪ್ಪಿಕೊಂಡರು, ಮಣೆಯ ಮುಂದೆ ಎಂದೂ ಇಲ್ಲ ಎಂದರು. ಚೆಸ್ ಡಾಟ್ ಕಾಮ್ 72 ಪುಟಗಳ ವರದಿಯಲ್ಲಿ, ಆನ್‌ಲೈನ್ ಮೋಸ ಅವರು ಒಪ್ಪಿದ್ದಕ್ಕಿಂತ ಬಹಳ ಹೆಚ್ಚಿನದು, ನೂರಕ್ಕೂ ಮಿಕ್ಕ ಆಟಗಳಲ್ಲಿ ಇರಬಹುದು ಎಂದಿತು. ಇತ್ತ ಬಫಲೊ ವಿಶ್ವವಿದ್ಯಾಲಯದ ಕೆನೆತ್ ರೀಗನ್, ಒಬ್ಬ ಆಟಗಾರನ ಮಟ್ಟಕ್ಕೆ ಯಂತ್ರದೊಂದಿಗೆ ಎಷ್ಟು ಹೊಂದಿಕೆ ಸಹಜ ಎಂದು ಮೊದಲು ಲೆಕ್ಕ ಹಾಕಿ, ಅದನ್ನು ಮೀರಿದೆಯೇ ಎಂದು ನೋಡುವವರು, ನೀಮನ್ ಮಣೆಯ ಮುಂದೆ ಆಡಿದ ಆಟಗಳಲ್ಲಿ ಮೋಸದ ಗುರುತಿಲ್ಲ ಎಂದರು. ನೀಮನ್ ಹೂಡಿದ ಹತ್ತು ಕೋಟಿ ಡಾಲರ್ ಪರಿಹಾರದ ದಾವೆಯನ್ನು ನ್ಯಾಯಾಲಯ ವಜಾ ಮಾಡಿತು. 2023ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಕಾರಣವಿಲ್ಲದೆ ಟೂರ್ನಿ ಬಿಟ್ಟದ್ದಕ್ಕೆ ಕಾರ್ಲ್‌ಸನ್‌ಗೆ ಫಿಡೆ 10,000 ಯೂರೊ ದಂಡ ಹಾಕಿತು. ಸೇಂಟ್ ಲೂಯಿಸ್‌ನ ಆ ಆಟ ಮಾತ್ರ ಯಾರು ನೋಡಿದರೂ ನೀಮನ್ ಗೆದ್ದ ಒಂದು ಆಟ, ಅಷ್ಟೇ.

ಇಷ್ಟರಲ್ಲಿ ನಿವೃತ್ತರಾಗಿದ್ದ ಕ್ರಾಮ್ನಿಕ್ ಮತ್ತೆ ಸುದ್ದಿಗೆ ಬಂದರು. ಈ ಸಲ ಬಾಗಿಲ ಆಚೆ ಬದಿಯಿಂದ. 2023ರ ಕೊನೆಯಲ್ಲಿ ಹಿಕಾರು ನಕಮುರಾ ಆನ್‌ಲೈನ್ ಬ್ಲಿಟ್ಜ್‌ನಲ್ಲಿ 46 ಆಟಗಳಿಂದ 45½ ಅಂಕ ಗಳಿಸಿದ್ದನ್ನು ಎತ್ತಿ ತೋರಿಸಿ, ಇದು ಹೇಗೆ ಸಾಧ್ಯ ಎಂದು ಕೇಳಿದರು. ಹತ್ತಾರು ಸಾವಿರ ಬ್ಲಿಟ್ಜ್ ಆಟ ಆಡಿದವನು, ತನಗಿಂತ ಬಹಳ ಕೆಳಗಿನವರೊಡನೆ ಆಡುವಾಗ, ಇಂಥ ಸರಣಿ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ನಾಣ್ಯವನ್ನು ಸಾವಿರ ಸಲ ಚಿಮ್ಮಿದವರಿಗೆ ಇದು ಗೊತ್ತು. ಚೆಸ್ ಡಾಟ್ ಕಾಮ್ ಪರಿಶೀಲಿಸಿ ಮೋಸದ ಸುಳಿವಿಲ್ಲ ಎಂದಿತು. ಕ್ರಾಮ್ನಿಕ್ ನಿಲ್ಲಿಸಲಿಲ್ಲ. ಹೆಸರುಗಳ ಮೇಲೆ ಹೆಸರು, ಅಂಕಿಗಳ ಮೇಲೆ ಅಂಕಿ. ಫ್ರಿಟ್ಜ್ 9ರ 78 ಶೇಕಡಾ ಯಾರ ಬೆನ್ನ ಮೇಲೆ ಬಿದ್ದಿತ್ತೋ ಅವರ ಕೈಯಲ್ಲೇ ಈಗ ಲೆಕ್ಕದ ಹಾಳೆ.

ಆ ಹೆಸರುಗಳಲ್ಲಿ ಒಂದು ಡೇನಿಯಲ್ ನರೋಡಿಟ್ಸ್ಕಿ ಅವರದು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್, ಅದಕ್ಕಿಂತ ಹೆಚ್ಚಾಗಿ ಜಗತ್ತಿನ ಲಕ್ಷಾಂತರ ಮಂದಿಗೆ, ನಮ್ಮಲ್ಲಿಯೂ ಎಷ್ಟೋ ಹುಡುಗರಿಗೆ, ಯೂಟ್ಯೂಬಿನಲ್ಲಿ ತಾಳ್ಮೆಯಿಂದ ಚೆಸ್ ಕಲಿಸಿದ ಮೇಷ್ಟ್ರು. 2024ರಿಂದ ಕ್ರಾಮ್ನಿಕ್ ಅವರ ಆನ್‌ಲೈನ್ ಆಟಗಳ ಬಗ್ಗೆ ಬಹಿರಂಗವಾಗಿ ಅನುಮಾನ ವ್ಯಕ್ತಪಡಿಸುತ್ತ ಬಂದರು. ನರೋಡಿಟ್ಸ್ಕಿ ಅಲ್ಲಗಳೆದರು. ಆರೋಪಕ್ಕೆ ಪುರಾವೆ ಬರಲಿಲ್ಲ. ತಮ್ಮ ಕೊನೆಯ ನೇರಪ್ರಸಾರದಲ್ಲೂ ಅವರು ಆ ಆರೋಪಗಳ ನೋವಿನ ಬಗ್ಗೆ ಮಾತನಾಡಿದ್ದರು. 2025ರ ಅಕ್ಟೋಬರ್‌ನಲ್ಲಿ, ಮೂವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಸಾವಿನ ಕಾರಣದ ಬಗ್ಗೆ ಊಹೆ ಮಾಡುವುದು ನಮ್ಮ ಕೆಲಸವಲ್ಲ. ಅನೇಕ ಗ್ರ್ಯಾಂಡ್‌ಮಾಸ್ಟರುಗಳು ಕ್ರಾಮ್ನಿಕ್ ನಡವಳಿಕೆಯನ್ನು ಬಿಚ್ಚುಮಾತಿನಲ್ಲಿ ಖಂಡಿಸಿದರು. ಕ್ರಾಮ್ನಿಕ್ ತಮ್ಮ ಮೇಲಿನ ದೂಷಣೆಯನ್ನು ಒಪ್ಪಲಿಲ್ಲ. ಮರುತಿಂಗಳು ಫಿಡೆ ಅವರ ವಿರುದ್ಧ ತನ್ನದೇ ನೀತಿ ಆಯೋಗಕ್ಕೆ ದೂರು ಸಲ್ಲಿಸಿತು. ಎಲಿಸ್ತಾದಲ್ಲಿ ಬೀಗದ ಮುಂದೆ ಕೂತಿದ್ದ ದಿನ ಕ್ರಾಮ್ನಿಕ್‌ಗೆ 31 ವರ್ಷ.