ಸುಂಕ ಕಲಿಸಿದ ಪೋರ್ಟ್ ವೈನ್ ರುಚಿ

ಗೋವಾದಿಂದ ಗೆಳೆಯರು ಹೊತ್ತು ತರುವ ಸಿಹಿ ಪೋರ್ಟ್ ವೈನ್ ಗೊತ್ತಲ್ಲ? ಹೆಸರು ಬಂದದ್ದು ಪೋರ್ಚುಗಲ್ಲಿನ ಪೋರ್ಟೊ ಊರಿನಿಂದ. ಅಲ್ಲಿನ ಅಸಲಿ ಪೋರ್ಟನ್ನು ಮೆರೆಸಿದವರು ಮಾತ್ರ ಇಂಗ್ಲಿಷರು. ಅವರಿಗೆ ಆ ರುಚಿಯೇ ಇಷ್ಟ ಅನ್ನುತ್ತಾರೆ. ನನಗೇನೋ ಸುಂಕದ ಕೈವಾಡವೇ ಹೆಚ್ಚು ಅನ್ನಿಸುತ್ತೆ.

ಮೊದಲು ಅವರು ಕುಡಿಯುತ್ತಿದ್ದ ವೈನ್ ಅಂದರೆ ಹೆಚ್ಚಾಗಿ ಫ್ರಾನ್ಸಿನ ಬೋರ್ಡೋ ಕಡೆಯ ಕ್ಲಾರೆಟ್. ಫ್ರಾನ್ಸ್ ಜೊತೆ ಜಗಳ ಹೆಚ್ಚಿದಂತೆ ಅದರ ಸುಂಕವೂ ಏರಿತು. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಬಾಗಿಲು ತೆರೆಯಿತು. ಬದಲಿಗೆ ಅದರ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ.

ಮಜಾ ಇರೋದು ಲೆಕ್ಕದಲ್ಲಿ. ಸುಂಕ ಬೆಲೆಯ ಮೇಲಲ್ಲ, ಅಳತೆಯ ಮೇಲೆ! ಅಗ್ಗದ ಪೀಪಾಯಿಗೂ ದುಬಾರಿ ಪೀಪಾಯಿಗೂ ಒಂದೇ. ಹಾಗಾಗಿ ಅಗ್ಗದ ಫ್ರೆಂಚ್ ವೈನ್ ತರಿಸಿದರೆ ಗಿಟ್ಟುತ್ತಿರಲಿಲ್ಲ. ಸಿರಿವಂತರ ಕ್ಲಾರೆಟ್ಟಿಗೆ ಅದೇನೂ ಭಾರವಲ್ಲ. ನಡುವಿನವರು ಪೋರ್ಟಿಗೆ ಬಂದರು. ಹಡಗಿನಲ್ಲಿ ಕೆಡದಿರಲಿ ಅಂತ ಬ್ರಾಂಡಿ ಬೆರೆಸುತ್ತಿದ್ದ ಆ ಖಡಕ್ ವೈನೇ ಬರಬರುತ್ತಾ ನಾಲಿಗೆಗೆ ಹತ್ತಿತು. ಬಡವರ ಪಾಲಿಗೆ ಹೇಗೂ ಬಿಯರು, ಜಿನ್ನು.

1831ರಲ್ಲಿ ಎರಡರ ಸುಂಕವೂ ಸಮವಾಯಿತು. 1860ರಲ್ಲಿ ಫ್ರಾನ್ಸ್ ಜೊತೆ ಒಪ್ಪಂದವಾಗಿ, ಹಣಕಾಸು ಮಂತ್ರಿ ಗ್ಲಾಡ್‌ಸ್ಟನ್ ವೈನ್ ಸುಂಕ ಇಳಿಸಿದಾಗ ಫ್ರೆಂಚ್ ವೈನಿನ ಆಮದು ಜಿಗಿಯಿತು. ಆದರೆ ಅಷ್ಟರಲ್ಲಿ ನೂರೈವತ್ತು ವರ್ಷ ಕಳೆದಿತ್ತು. ಸಾಮಾನ್ಯ ಇಂಗ್ಲಿಷಿನವನೇನೂ ಬಿಯರ್ ಲೋಟ ಕೆಳಗಿಡಲಿಲ್ಲ :-)